ಮೊದಲಕ್ಷರಕ್ಕೆ ಹಾಕಿದ ಬೀಗ

ನಮ್ಮ ದಾಖಲೆ ಕೇಂದ್ರಕ್ಕೆ ಹೊಸದಾಗಿ ಸೇರಿದ ಮೂವರು ಹೋದ ತಿಂಗಳು ಕೊಳ್ಳೇಗಾಲದ ನನ್ನ ಮನೆಗೆ ಬಂದಿದ್ದರು. ಕೆಲಸದ ಬಗ್ಗೆ ಏನಾದರೂ ಬರೆದುಕೊಡಿ ಮೇಡಂ, ತರಬೇತಿಯಲ್ಲಿ ಹೇಳದಿದ್ದದ್ದನ್ನು ಬರೆಯಿರಿ ಎಂದರು. ಕಾಫಿ ಕೊಟ್ಟೆ, ನಾಲ್ಕಾರು ತಮಾಷೆಯ ಪ್ರಸಂಗ ಹೇಳಿದೆ, ಅವರೂ ನಕ್ಕು ಹೋದರು. ಅವರು ಹೋದ ಮೇಲೆ ಲೋಟ ತೊಳೆಯುತ್ತಾ ನಿಂತಾಗ ಹೊಳೆಯಿತು, ನಾನು ಹೇಳಿದ ಒಂದು ಪ್ರಸಂಗದಲ್ಲೂ ತಪ್ಪು ನನ್ನದಾಗಿರಲಿಲ್ಲ. ಒಂದರಲ್ಲಿ ಯಂತ್ರದ ತಪ್ಪು, ಒಂದರಲ್ಲಿ ಟೈಪಿಸ್ಟರದು, ಇನ್ನೊಂದರಲ್ಲಿ ಸಾಹೇಬರದು. ಹಿರಿಮಾದ ಎಂಬ ಮುದುಕರಿಗೆ ನಾನು ಸಹಿ ಹಾಕಿ ಕೊಟ್ಟ ಒಂದು ಸುಳ್ಳು ಕಾಗದದ ಸಂಗತಿ ನನ್ನ ಬಾಯಿಗೆ ಬಂದಿರಲೇ ಇಲ್ಲ. ಆದ್ದರಿಂದ ಬರೆಯುತ್ತಿದ್ದೇನೆ.

ನಾನು ದಿನಚರಿ ಬರೆಯುವವಳು. ನನ್ನ ನೆನಪಿಗೂ ದಿನಚರಿಗೂ ಆಗಾಗ ಹೊಂದಿಕೆಯಾಗುವುದಿಲ್ಲ. ಹೊಂದದ ಕಡೆ ಹಾಗೆಂದು ಹೇಳುತ್ತೇನೆ.

ಕೆಲಸ ಇಷ್ಟೇ. ಕೊಳ್ಳೇಗಾಲ, ಹನೂರು, ಯಳಂದೂರು ಕಡೆ ಮುಚ್ಚಿಹೋದ, ಬೇರೆ ಶಾಲೆಗೆ ಸೇರಿಹೋದ ಶಾಲೆಗಳ ಹಳೆಯ ದಾಖಲಾತಿ ರಿಜಿಸ್ಟರುಗಳು ನಮ್ಮಲ್ಲಿದ್ದವು. ಹುಟ್ಟಿದ ದಿನಕ್ಕೆ, ಜಾತಿಗೆ, ವಾಸಕ್ಕೆ ಪುರಾವೆ ಬೇಕಾದವರು ಬರುತ್ತಿದ್ದರು. ಹೆಸರು ಸಿಕ್ಕರೆ ದೃಢೀಕೃತ ನಕಲು. ಸಿಗದಿದ್ದರೆ ‘ದಾಖಲೆ ಲಭ್ಯವಿರುವುದಿಲ್ಲ’ ಎಂದು ಸೀಲು ಒತ್ತಿದ ಹಿಂಬರಹ. ನಕಲು ಕೊಡುವಾಗ ನಾವು ಎರಡು ಸಲ ನೋಡುತ್ತಿದ್ದೆವು, ತಪ್ಪಾದರೆ ನಮ್ಮ ತಲೆಗೆ ಬರುತ್ತದೆಂದು. ಹಿಂಬರಹ ಕೊಡುವಾಗ ಯಾರೂ ಎರಡು ಸಲ ನೋಡುತ್ತಿರಲಿಲ್ಲ. ಇಲ್ಲ ಎಂದದ್ದಕ್ಕೆ ಯಾರು ಪ್ರಶ್ನೆ ಮಾಡುತ್ತಾರೆ?

ನಾನು ಸೇರಿದಾಗ ರೆಕಾರ್ಡ್ ಕೋಣೆ ಪುಟ್ಟಮಾದಯ್ಯ ಎಂಬವರ ಕೈಯಲ್ಲಿತ್ತು. ಏಳನೇ ತರಗತಿ ಓದಿದ್ದವರು. ಅರ್ಜಿ ಬಂದರೆ ಅದನ್ನು ಓದುತ್ತಲೇ ಇರಲಿಲ್ಲ. ಬಂದವರನ್ನು ಎದುರಿಗೆ ಕೂರಿಸಿ, ‘ಎಸ್ರು ಏಳಿ’ ಎನ್ನುತ್ತಿದ್ದರು. ಹೆಸರನ್ನು ಮತ್ತೊಂದು ಸಲ ಹೇಳಿಸುತ್ತಿದ್ದರು. ಆಮೇಲೆ ಮೂರು ಚೀಟಿ ಬರೆಯುವರು. ಒಂದರಲ್ಲಿ ಕೇಳಿದ ಹಾಗೆ, ಒಂದರಲ್ಲಿ ಮೇಷ್ಟ್ರು ಬರೆದಿರಬಹುದಾದ ಹಾಗೆ, ಇನ್ನೊಂದರಲ್ಲಿ ಹೆಸರನ್ನು ಎರಡಾಗಿ ಒಡೆದು. ಮೂರನ್ನೂ ಹಿಡಿದುಕೊಂಡು ಒಳಗೆ ಹೋದರೆ ಅರ್ಧ ದಿನ ಹೊರಗೆ ಬರುತ್ತಿರಲಿಲ್ಲ. ಮೈಸೂರಿನಲ್ಲಿ ಗ್ರಂಥಾಲಯ ವಿಜ್ಞಾನ ಓದಿ ಬಂದಿದ್ದ ನನಗೆ ಇದು ತೀರ ಅಸ್ತವ್ಯಸ್ತವಾಗಿ ಕಂಡಿತು. ಒಂದು ಸಲ ನಾನು ಅರ್ಜಿಯ ಹೆಸರನ್ನು ಶುದ್ಧವಾಗಿ ತಿದ್ದಿ ಕೊಟ್ಟಾಗ ಅವರು ಅದನ್ನು ತಿರುಗಿಸಿ ಕೊಟ್ಟು, ‘ಎಂಗಂತಾರೋ ಅಂಗೇ ಬರ್ಕೊಳವ್ವ. ತಿದ್ದಕ್ಕೆ ನಾವ್ಯಾರು?’ ಎಂದರು. ಅವರು ನಿವೃತ್ತರಾದ ದಿನ ಹಾರ ಹಾಕಿದವಳು ನಾನೇ. ಒಳಗೊಳಗೇ ಖುಷಿಯಾಗಿತ್ತು ಎಂದು ದಿನಚರಿಯಲ್ಲಿದೆ. ನೆನಪಿನಲ್ಲಿ ಮಾತ್ರ ನಾನು ಆ ದಿನ ಅತ್ತಿದ್ದೇನೆ.

ಆಮೇಲೆ ರಿಜಿಸ್ಟರುಗಳನ್ನೆಲ್ಲ ಟೈಪು ಮಾಡಿಸಿ ಕಂಪ್ಯೂಟರಿಗೆ ಹಾಕಿದರು. ಹುಡುಕುವ ತಂತ್ರಾಂಶ ಬಂತು. ಅದರ ನಿಯಮಗಳನ್ನು ಹೊಂದಿಸುವ ಕೆಲಸ ನನಗೆ ಬಂತು. ಅದು ಹೇಗೆ ಕೆಲಸ ಮಾಡುತ್ತದೆಂದು ತರಬೇತಿಯಲ್ಲಿ ನಿಮಗೆ ದೊಡ್ಡ ದೊಡ್ಡ ಹೆಸರು ಹೇಳಿರುತ್ತಾರೆ. ಟೋಕನೈಸೇಶನ್, ಫಜಿ ಮ್ಯಾಚಿಂಗ್. ನಾವು ಕಚೇರಿಯಲ್ಲಿ ಕತ್ತರಿ ಮತ್ತು ಸಡಿಲ ಎನ್ನುತ್ತಿದ್ದೆವು. ಮೊದಲು ಕತ್ತರಿ. ಬರೆದದ್ದನ್ನೆಲ್ಲ ಯಂತ್ರ ಖಾಲಿ ಜಾಗ ಬಂದಲ್ಲಿ ಕತ್ತರಿಸಿ, ತುಂಡುಗಳ ಒಂದು ಪಟ್ಟಿ ಮಾಡಿಟ್ಟುಕೊಳ್ಳುತ್ತದೆ. ನಾವು ಕೇಳಿದ ಹೆಸರನ್ನೂ ಹಾಗೆಯೇ ಕತ್ತರಿಸಿ, ತುಂಡಿಗೆ ತುಂಡು ಹೋಲಿಸುತ್ತದೆ. ಕೇಳಿದ ತುಂಡುಗಳೆಲ್ಲ ಸಿಕ್ಕಿದರೆ ಮಾತ್ರ ಉಂಟು ಎನ್ನುತ್ತದೆ. ಆಮೇಲೆ ಸಡಿಲ. ತುಂಡು ಪೂರ್ತಿ ಹೊಂದದಿದ್ದರೂ ಒಂದೆರಡು ಚಿಹ್ನೆಗಳ ವ್ಯತ್ಯಾಸವನ್ನು ಕ್ಷಮಿಸುತ್ತದೆ. ಈ ಕ್ಷಮೆ ತುಂಡಿನ ಒಳಗೆ ಮಾತ್ರ. ಕತ್ತರಿ ಬಿದ್ದ ಜಾಗವನ್ನು ಅದು ದಾಟುವುದಿಲ್ಲ. ಇದನ್ನು ನಾನು ಬೇರೆಯವರಿಗೆ ಪಾಠ ಮಾಡಿದ್ದೇನೆ. ಅರ್ಥವಾಗಿತ್ತೇ ಎಂದು ಈಗ ಕೇಳಿಕೊಳ್ಳುತ್ತೇನೆ.

ಮೊದಲ ವರ್ಷದ ಪೇಚು ಇದು. ಮಾದಪ್ಪ ಎಂಬುದು ನಮಗೆ ಮೂರು ಅಕ್ಷರ. ಯಂತ್ರಕ್ಕೆ ದೀರ್ಘ ಬೇರೆ, ಒತ್ತಿನ ಪ ಬೇರೆ, ಅದನ್ನು ಕೂಡಿಸುವ ಗುರುತೂ ಬೇರೆ, ಎಲ್ಲ ಸೇರಿ ಆರು ಚಿಹ್ನೆ. ಆರಿದ್ದರೆ ಎರಡನ್ನು ಕ್ಷಮಿಸು ಎಂದು ನಿಯಮ. ಮಾದಪ್ಪನಿಗೂ ಮಾದಮ್ಮನಿಗೂ ವ್ಯತ್ಯಾಸ ಸರಿಯಾಗಿ ಎರಡೇ. ಮನೆಗೊಬ್ಬ ಮಾದಪ್ಪ, ಮನೆಗೊಬ್ಬಳು ಮಾದಮ್ಮ ಇರುವ ಈ ಸೀಮೆಯಲ್ಲಿ ಯಂತ್ರಕ್ಕೆ ಗಂಡು ಹೆಣ್ಣೆಲ್ಲ ಒಂದೇ ಆಗಿಹೋಯಿತು. ಸಾಲದ್ದಕ್ಕೆ ಮಾದಮ್ಮನಿಗೆ ಸಾಕಮ್ಮನೂ ಎರಡೇ ಚಿಹ್ನೆ ದೂರ. ಅಗರದ ಕಡೆಯ ಮಾದಪ್ಪ ಎಂಬವರು ಹೆಂಡತಿಯ ಜೊತೆ ಬಂದಿದ್ದರು. ಪರದೆಯ ಮೇಲೆ ಬಂದ ಉದ್ದನೆಯ ಪಟ್ಟಿಯನ್ನು ನಾನು ಓದುತ್ತಾ ಹೋದ ಹಾಗೆ ಅವರ ಕಣ್ಣು ಅಗಲವಾದವು.

‘ಏನ್ ಮೇಡಂ, ನನ್ ಎಸ್ರು ಕೂಗುದ್ರೆ ಊರ್ ಎಂಗುಸ್ರೆಲ್ಲ ಎದ್ದು ಬತ್ತಾವ್ರಲ್ಲ.’

‘ಇವ್ರುಗೂ ಅದೇ ಬೇಕಾಗಿತ್ತು ಬುಡಿ,’ ಎಂದರು ಹೆಂಡತಿ.

ಮನೆಗೆ ಬಂದ ಮೂವರಿಗೆ ನಾನು ಹೇಳಿದ್ದು ಇದನ್ನೇ. ಇದರ ಮುಂದಿನದನ್ನು ಹೇಳಲಿಲ್ಲ.

ಪಟ್ಟಿ ಉದ್ದವಾಯಿತೆಂದು ಸಾಹೇಬರು ನನ್ನನ್ನು ಕರೆದರು. ಒಬ್ಬ ಅರ್ಜಿದಾರನಿಗೆ ಇಪ್ಪತ್ತು ನಿಮಿಷ ಹಿಡಿಯುತ್ತಿದೆ, ಬಿಗಿ ಮಾಡಿ ಎಂದರು. ನಾನು ಎರಡು ಬದಲಾವಣೆ ಮಾಡಿದೆ. ಪ್ಪ ಮತ್ತು ಮ್ಮ ಬೇರೆ ಎಂದು ಗುರುತಿಸಿದೆ. ಇನ್ನೊಂದು, ತುಂಡಿನ ಮೊದಲ ಚಿಹ್ನೆ ಕಡ್ಡಾಯವಾಗಿ ಹೊಂದಲೇಬೇಕು, ಕ್ಷಮೆಯೇನಿದ್ದರೂ ಅದರ ನಂತರ ಎಂದು ಬೀಗ ಹಾಕಿದೆ. ಸಾಕಮ್ಮ ಹೋದಳು. ಒಂದೇ ಚಿಹ್ನೆಯ ಅಂತರದಲ್ಲಿದ್ದ ಹಿರಿಯಮ್ಮ, ಕಿರಿಯಮ್ಮ ಬೇರೆ ಬೇರೆಯಾದರು. ಹುಡುಕಾಟ ಚಕ್ಕನೆ ಮುಗಿಯತೊಡಗಿತು. ಹೆಸರಿನ ನಡುವೆ, ಕೊನೆಯಲ್ಲಿ ತಪ್ಪಾಗಬಹುದು, ಮೊದಲಕ್ಷರವನ್ನು ಯಾರು ತಪ್ಪು ಬರೆಯುತ್ತಾರೆ ಎಂದು ಸಾಹೇಬರಿಗೆ ವಿವರಿಸಿದೆ. ಅವರು ಬೇರೆ ಜಿಲ್ಲೆಯವರು, ಒಪ್ಪಿದರು. ನಾನು ಯಳಂದೂರು ತಾಲ್ಲೂಕಿನವಳು.

ಇದನ್ನು ಓದುವ ನೀವು ಈ ಸೀಮೆಯವರಾದರೆ ಆಗಲೇ ನಗುತ್ತಿರುತ್ತೀರಿ. ನಮ್ಮ ಮನೆಯಲ್ಲಿ ಆಲು, ಊವು, ಅಸು. ನನ್ನ ತಾಯಿ ಜೀವಮಾನದಲ್ಲಿ ಒಂದು ಹಕಾರವನ್ನೂ ಉಚ್ಚರಿಸಿದವರಲ್ಲ. ಮೈಸೂರಿನ ಹಾಸ್ಟೆಲಿನಲ್ಲಿ ನನ್ನ ಕೋಣೆಯವರು ಊಟಕ್ಕೆ ಮುಂಚೆ ನನ್ನಿಂದ ‘ಹಸುವಿನ ಹಾಲು’ ಎಂದು ಹೇಳಿಸಿ ನಗುತ್ತಿದ್ದರು. ಒಂದು ವರ್ಷದಲ್ಲಿ ನಾಲಿಗೆ ತಿದ್ದಿಕೊಂಡೆ. ಎಷ್ಟು ಚೆನ್ನಾಗಿ ತಿದ್ದಿಕೊಂಡೆನೆಂದರೆ, ನಮ್ಮ ಕಡೆ ಹೆಸರುಗಳ ಮೊದಲಕ್ಷರವೇ ಉದುರುತ್ತದೆ ಎಂಬುದು, ಅದಕ್ಕೆ ಬೀಗ ಹಾಕುವ ಹೊತ್ತಿನಲ್ಲಿ ನನಗೆ ನೆನಪಾಗಲಿಲ್ಲ. ನೆನಪಾಗಿದ್ದೂ ತಳ್ಳಿಹಾಕಿದೆನೇ? ಗೊತ್ತಿಲ್ಲ. ದಿನಚರಿ ಆ ಬಗ್ಗೆ ಏನೂ ಹೇಳುವುದಿಲ್ಲ.

ಬೀಗ ಹಾಕಿದ ಮುಂದಿನ ವರ್ಷ, ಶಾಲೆ ಕಾಲೇಜು ಶುರುವಾಗುವ ದಿನಗಳು. ಹೂಗ್ಯಂ ಆಚೆ ಕಾಡಿನಂಚಿನ ಸೋಲಿಗರ ಪೋಡೊಂದರಿಂದ, ಅಂದರೆ ಅವರ ಪುಟ್ಟ ಹಾಡಿಯಿಂದ, ಒಬ್ಬ ಮುದುಕರು ಮಗಳ ಜೊತೆ ಬಂದರು. ಮಗಳ ಹೆಸರು ಕೇತಮ್ಮ. ಕೇತಮ್ಮನ ಮಗಳಿಗೆ ನರ್ಸಿಂಗ್ ಓದಲು ಸೀಟು ಸಿಕ್ಕಿತ್ತು. ಜಾತಿ ಪ್ರಮಾಣಪತ್ರಕ್ಕೆ ಏನೋ ಆಕ್ಷೇಪ ಬಂದಿತ್ತು. ಮನೆಯ ಹಿರಿಯರೊಬ್ಬರ ಶಾಲಾ ದಾಖಲೆ ತಂದರೆ ಅದು ಸರಿಹೋಗುತ್ತದೆ ಎಂದಿದ್ದರಂತೆ. ಆ ಪೋಡಿನಲ್ಲಿ ಆ ತಲೆಮಾರಿನಲ್ಲಿ ಶಾಲೆಗೆ ಹೋಗಿದ್ದವರು ಈ ಮುದುಕರೊಬ್ಬರೇ. ಕಾಡಿನಂಚಿನ ಊರಿನ ಶಾಲೆ, ಮೂರನೇ ತರಗತಿವರೆಗೆ. ಇಸವಿ ಗೊತ್ತಿಲ್ಲ. ನನ್ನ ನೆನಪಿನಲ್ಲಿ ಅವರು ಖಾಕಿ ಕೋಟು ತೊಟ್ಟಿದ್ದಾರೆ. ಆದರೆ ಆ ಕೋಟು ಇನ್ಯಾರದೋ ಇರಬಹುದು.

ಹೆಸರೇನು ಎಂದು ಕೇಳಿದೆ.

‘ಇರಿ ಮಾದ,’ ಎಂದರು.

‘ಇರ್ತೀನಿ. ಮೊದಲು ಹೆಸರು ಹೇಳಿ,’ ಎಂದೆ.

ಕೋಣೆಯಲ್ಲಿದ್ದವರೆಲ್ಲ ನಕ್ಕರು. ಈ ಮಾತು ನನ್ನ ನೆನಪು ಕಟ್ಟಿದ್ದಲ್ಲ. ದಿನಚರಿಯಲ್ಲಿ, ಒಳ್ಳೆಯ ಮಾತು ಹೊಳೆಯಿತೆಂದು ಬರೆದುಕೊಂಡಿದ್ದೇನೆ. ಮುದುಕರೂ ನಕ್ಕರು. ಮತ್ತೊಂದು ಸಲ, ಮಕ್ಕಳಿಗೆ ಹೇಳುವ ಹಾಗೆ, ನಡುವೆ ಚೂರು ನಿಲ್ಲಿಸಿ ಹೇಳಿದರು. ‘ಇರಿ. ಮಾದ. ಕಣವ್ವ. ನನ್ ತಮ್ಮ ಕಿರಿ ಮಾದ, ನಾನು ಇರಿ ಮಾದ.’

ನಾನು ‘ಹಿರಿಮಾದ’ ಎಂದು ಟೈಪು ಮಾಡಿದೆ. ಹಕಾರ ಹಾಕಿದೆ, ಅದು ಶುದ್ಧ. ಎರಡನ್ನೂ ಕೂಡಿಸಿದೆ, ಸಮಾಸ ಪದ. ಹೀಗೆ ಅವರ ಎರಡು ಸರಿಗಳನ್ನು ಅವರೆದುರಿಗೇ ಎರಡು ತಪ್ಪು ಮಾಡಿದೆ. ಪರದೆಯ ಮೇಲೆ ಏನೂ ಬರಲಿಲ್ಲ.

ಕೇತಮ್ಮ ಪುಸ್ತಕ ತೆಗೆದು ನೋಡಿ ಎಂದು ಕೇಳಿದಳು. ಅಪ್ಪ ಮೇಷ್ಟ್ರ ಹೆಸರನ್ನೂ ಹೇಳುತ್ತಾನೆ, ಗೋಡೆಯ ಮೇಲೆ ಏನಿತ್ತು ಅಂತಲೂ ಹೇಳುತ್ತಾನೆ ಎಂದಳು. ಪುಸ್ತಕ ನೋಡುವ ಪದ್ಧತಿ ಈಗಿಲ್ಲ, ಪುಸ್ತಕದಲ್ಲಿ ಇರುವುದೆಲ್ಲ ಇದರಲ್ಲಿದೆ ಎಂದು ಪರದೆ ತೋರಿಸಿದೆ. ಪುಸ್ತಕಗಳ ಕಟ್ಟು ಹಿಂದಿನ ಕೋಣೆಯಲ್ಲಿ, ನನ್ನ ಕುರ್ಚಿಯಿಂದ ಹತ್ತು ಹೆಜ್ಜೆ ದೂರದಲ್ಲಿತ್ತು.

‘ನಾನು ಓಗಿವ್ನಿ ಕಣವ್ವ ಇಸ್ಕೂಲ್ಗೆ,’ ಎಂದರು ಮುದುಕರು. ‘ಸುಳ್ಳು ಏಳಕ್ಕೆ ಇಷ್ಟು ದೂರ ಬತ್ತಿದ್ನ?’

ಹಿಂಬರಹ ಬರೆದು, ಸಹಿ ಮಾಡಿ, ಸೀಲು ಒತ್ತಿ ಕೊಟ್ಟೆ. ಆ ದಿನದ ದಿನಚರಿಯಲ್ಲಿ ನನ್ನ ತಮಾಷೆಯ ಮಾತಿದೆ, ಮಧ್ಯಾಹ್ನ ಕರೆಂಟು ಹೋದದ್ದಿದೆ. ಹಿಂಬರಹದ ವಿಷಯ ಇಲ್ಲ.

ಆರೇಳು ತಿಂಗಳ ಮೇಲೆ, ತಂತ್ರಾಂಶವನ್ನು ಹೊಸ ಯಂತ್ರಕ್ಕೆ ಬದಲಾಯಿಸುವ ಮುಂಚೆ, ಕತ್ತರಿಸಿದ ತುಂಡುಗಳ ಪೂರ್ತಿ ಪಟ್ಟಿಯನ್ನು ಅಕಾರಾದಿಯಲ್ಲಿ ಮುದ್ರಿಸಿ ನೋಡುವ ಕೆಲಸ ಬಂತು. ಅದುವರೆಗೆ ಯಾರೂ ಆ ಪಟ್ಟಿಯನ್ನು ಓದಿರಲಿಲ್ಲ, ನಾನೂ ಸೇರಿ. ಅ ಅಕ್ಷರದಿಂದ ಶುರು ಮಾಡಿದೆ. ಅನುಮಯ್ಯ. ಅನೂರು. ಅಲಗಯ್ಯ. ಇಡೀ ಹನೂರೇ ಸ್ವರಗಳ ನಡುವೆ ಕೂತಿತ್ತು. ಮುಂದೆ ಉಚ್ಚಯ್ಯ, ಊಗ್ಯಂ, ಒನ್ನಮ್ಮ. ಪುಟದ ಮೇಲೆ ಪುಟ ನನ್ನ ತಾಯಿ ಮಾತಾಡುತ್ತಿದ್ದರು. ಆ ಹೆಸರುಗಳಿಗೆ ಹಕಾರ ಹಾಕಿ ಹುಡುಕಿದ ಎಲ್ಲರಿಗೂ ನಾವು ಇಲ್ಲ ಎಂದಿದ್ದೆವು.

ಅವುಗಳ ನಡುವೆ, ಇ ಅಕ್ಷರದಲ್ಲಿ, ‘ಇರಿ’ ಎಂಬ ತುಂಡಿತ್ತು.

ಎದ್ದು ಹಿಂದಿನ ಕೋಣೆಗೆ ಹೋಗಿ ಕಟ್ಟು ಬಿಚ್ಚಿದೆ. ಮಸಿಯಲ್ಲಿ, ದುಂಡಗಿನ ಅಕ್ಷರದಲ್ಲಿ, ಬೇರೆ ಬೇರೆಯಾಗಿ: ಇರಿ ಮಾದ. ಪಕ್ಕದ ಅಂಕಣಗಳಲ್ಲಿ ತಂದೆಯ ಹೆಸರು, ಪೋಡಿನ ಹೆಸರು, ಜಾತಿ. ಮೇಷ್ಟ್ರು ಹುಡುಗನ ಬಾಯಿಂದ ಕೇಳಿದ್ದನ್ನು ಕೇಳಿದ ಹಾಗೆ ಬರೆದಿದ್ದರು. ಟೈಪಿಸ್ಟರು ಕಂಡದ್ದನ್ನು ಕಂಡ ಹಾಗೆ ಟೈಪು ಮಾಡಿದ್ದರು. ಮುದುಕರು ಅದನ್ನೇ ಹೇಳಿದ್ದರು. ನಡುವೆ ತಿದ್ದಿದವಳು ನಾನೊಬ್ಬಳೇ. ಬೀಗವೊಂದೇ ಕಾರಣ ಎಂದು ಸಮಾಧಾನ ಮಾಡಿಕೊಳ್ಳಲು ಬೀಗ ತೆಗೆದು ಮತ್ತೆ ‘ಹಿರಿಮಾದ’ ಹುಡುಕಿದೆ. ಆಗಲೂ ಬರಲಿಲ್ಲ. ಪಟ್ಟಿಯಲ್ಲಿ ಇರಿ ಒಂದು ತುಂಡು, ಮಾದ ಒಂದು ತುಂಡು. ನನ್ನ ಇಡೀ ಹಿರಿಮಾದನಿಗೆ ಅವೆರಡೂ ದೂರ. ಕೇಳಿದ್ದನ್ನು ಕೇಳಿದ ಹಾಗೆ ಟೈಪು ಮಾಡಿದ್ದರೆ, ಬೀಗ ಇದ್ದೂ ಸಿಗುತ್ತಿತ್ತು.

ಎರಡು ವಾರದಲ್ಲಿ ನಿಯಮ ಸರಿಮಾಡಿದೆ. ಹ ಇದ್ದರೂ ಇಲ್ಲದಿದ್ದರೂ ಒಂದೇ ಎಂದು ಕತ್ತರಿಸುವ ಹೊತ್ತಿಗೇ ಗುರುತಿಸುವುದು, ಅಕ್ಕಪಕ್ಕದ ಎರಡು ತುಂಡುಗಳನ್ನು ಕೂಡಿಸಿದ ಮೂರನೆಯದನ್ನೂ ಪಟ್ಟಿಗೆ ಸೇರಿಸುವುದು. ಇಂದಿಗೂ ನೀವು ಬಳಸುತ್ತಿರುವುದು ಅದೇ. ಸಾಹೇಬರಿಗೆ ಕೊಟ್ಟ ವರದಿಯಲ್ಲಿ ‘ಸ್ಥಳೀಯ ಉಚ್ಚಾರಣೆಗೆ ತಕ್ಕಂತೆ ಹುಡುಕಾಟದ ಗುಣಮಟ್ಟ ಹೆಚ್ಚಿಸಲಾಗಿದೆ’ ಎಂದು ಬರೆದೆ. ಸಭೆಯಲ್ಲಿ ಹೊಗಳಿದರು. ಬೀಗ ಇದ್ದ ಕಾಲದಲ್ಲಿ ಕೊಟ್ಟ ಹಿಂಬರಹಗಳನ್ನೆಲ್ಲ ಮತ್ತೆ ಹುಡುಕಿ ನೋಡಬೇಕು ಎಂದು ಬರೆಯಲಿಲ್ಲ. ಬರೆದರೆ ಬೀಗ ಹಾಕಿದ್ದು ಯಾರು ಎಂಬ ಪ್ರಶ್ನೆ ಬರುತ್ತಿತ್ತು. ಅರ್ಜಿಯಲ್ಲಿ ಕೇತಮ್ಮನ ಫೋನ್ ನಂಬರು ಇತ್ತು. ಒಂದು ಸಲ ಒತ್ತಿದ ನೆನಪಿದೆ. ರಿಂಗಾಗಿ ಯಾರೂ ಎತ್ತಲಿಲ್ಲವೋ, ರಿಂಗಾಗುವ ಮೊದಲೇ ನಾನು ಇಟ್ಟೆನೋ. ಬಹಳ ಕಾಲ ಯಾರೂ ಎತ್ತಲಿಲ್ಲ ಎಂದೇ ನಂಬಿದ್ದೆ. ಈಗ ನಂಬುವುದಿಲ್ಲ.

ನಿವೃತ್ತಳಾದ ಮೇಲೆ, ಹೋದ ಮಾರ್ಗಶಿರದಲ್ಲಿ, ಆ ಪುಟದ ಒಂದು ನಕಲು ಹಿಡಿದು ಬಸ್ಸು ಹತ್ತಿದೆ. ಹನೂರಿನಲ್ಲಿ ಬಸ್ಸು ಬದಲಿಸಿ, ಇಳಿದ ಮೇಲೆ ಪೋಡಿಗೆ ನಡೆದೆ. ಕೇತಮ್ಮ ಮನೆ ಮುಂದೆ ಹುಲ್ಲಿನ ಪೊರಕೆ ಕಟ್ಟುತ್ತಿದ್ದಳು. ನನ್ನ ಗುರುತು ಹಿಡಿದಳು. ಮುದುಕರು ತೀರಿಹೋಗಿ ಎರಡು ವರ್ಷವಾಗಿತ್ತು.

ಮಗಳಿಗೆ ಆ ಸೀಟು ತಪ್ಪಿಹೋಯಿತಂತೆ. ಅಧಿಕಾರಿಗಳು ಊರಿಗೆ ಬಂದು ವಿಚಾರಣೆ ಮಾಡಿದ ಮೇಲೆ ಪ್ರಮಾಣಪತ್ರ ಸಿಕ್ಕಿ, ಮಾರನೆಯ ವರ್ಷ ಬೇರೆ ಏನೋ ಓದಿ, ಈಗ ಕೆಲಸದಲ್ಲಿದ್ದಾಳೆ. ಅವಳ ವಿಷಯ ಬಿಡಿ, ಅವಳು ಗಟ್ಟಿ ಎಂದಳು ಕೇತಮ್ಮ. ಕೈಯಲ್ಲಿ ಕೆಲಸ ನಿಲ್ಲಿಸದೆ ಅಪ್ಪನ ವಿಷಯ ಹೇಳಿದಳು. ಪೋಡಿನಲ್ಲಿ ಅವರಿಗೆ ಇಸ್ಕೂಲ್ ಮಾದ ಎಂದೇ ಹೆಸರಿತ್ತು. ಬಸ್ಸಿನ ಬೋರ್ಡು, ರೇಷನ್ ಚೀಟಿ, ಏನಿದ್ದರೂ ಓದಿಸಿಕೊಳ್ಳಲು ಅವರ ಹತ್ತಿರ ಬರುತ್ತಿದ್ದರು. ಹಿಂಬರಹ ಬಂದ ಮೇಲೆ ತಮ್ಮ ಕಿರಿ ಮಾದ ರೇಗಿಸತೊಡಗಿದ. ಇಸ್ಕೂಲಿನ ಬುಕ್ಕಿನಲ್ಲೇ ಇಲ್ಲವಂತಲ್ಲ ನಮ್ಮಣ್ಣ, ಕಿಟಕಿಯಲ್ಲಿ ನಿಂತು ಕಲಿತನೇನೋ ಎಂದು. ಮೊದಮೊದಲು ಮುದುಕರು ಜಗಳವಾಡಿದರು. ಆಮೇಲೆ ಬೋರ್ಡು ಓದುವುದನ್ನು ಬಿಟ್ಟರು.

‘ಕೊನ್ಕೊನೆಗೆ ಅವ್ನಿಗೇ ಅನುಮಾನ ಬಂದೋಯ್ತು ಮೇಡಂ,’ ಎಂದಳು. ‘ನಾನು ಓಗಿದ್ನೋ, ಇಲ್ಲ ಓದಂಗೆ ಕನಸು ಬಿದ್ದಿತ್ತೋ ಕೇತಾ, ಅನ್ನವ್ನು. ಸೀಲ್ ಇರ ಕಾಗ್ಜ ಸುಳ್ಳು ಏಳ್ತದಾ ಅನ್ನವ್ನು.’

ನೆನಪನ್ನು ನಂಬಬಾರದೆಂದು ಇಷ್ಟು ವರ್ಷ ದಿನಚರಿ ಬರೆದವಳು ನಾನು. ಆ ಮುದುಕರ ನೆನಪು ಅಕ್ಷರಕ್ಷರವೂ ನಿಜವಾಗಿತ್ತು. ಅದನ್ನು ಕೆಡಿಸಿದ್ದು ನನ್ನ ಕಾಗದ.

ನಕಲನ್ನು ಕೊಟ್ಟೆ. ಕೇತಮ್ಮ ಅದನ್ನು ನೋಡಿ, ಎದುರು ಮನೆಯ ಜಗುಲಿಯಲ್ಲಿ ಕೂತಿದ್ದ ಕಿರಿ ಮಾದನನ್ನು ಕೂಗಿದಳು. ಅವರು ಬಂದು ನಿಂತರು. ‘ನೀವೇ ಏಳಿ ಇವ್ನ್ಗೆ,’ ಎಂದಳು. ಓದಿದೆ. ಇರಿ ಮಾದ, ತಂದೆಯ ಹೆಸರು, ಪೋಡು, ಒಂದನೇ ತರಗತಿ. ಕಿರಿ ಮಾದ ಕಾಗದದ ಮೇಲೆ ಬೆರಳಿಟ್ಟು, ಅಣ್ಣನ ಹೆಸರು ಎಲ್ಲಿದೆ ಎಂದು ಕೇಳಿ, ಅಲ್ಲಿ ಬೆರಳನ್ನು ಸ್ವಲ್ಪ ಹೊತ್ತು ಇಟ್ಟುಕೊಂಡೇ ಇದ್ದರು.

‘ಅಂಗಾರೆ ಅವತ್ತು ಇಲ್ಲ ಅಂದಿದ್ದು ಮಿಶೀನಾ?’ ಎಂದರು.

ಕತ್ತರಿ, ಸಡಿಲ, ಬೀಗ, ಎಲ್ಲ ಹೇಳಲು ಬಾಯಿ ತೆರೆದಿದ್ದೆ. ‘ಇಲ್ಲ, ನಾನು,’ ಎಂದೆ.

‘ಅದ್ನೂ ಬರ್ದುಕೊಡಿ. ಇಲ್ಲ ಅನ್ನದ್ಕೆ ಸೀಲ್ ಒತ್ತಿದ್ರಲ್ಲ, ಇದ್ಕೂ ಒತ್ತಿ,’ ಎಂದರು ಕಿರಿ ಮಾದ.

ನನ್ನ ಹತ್ತಿರ ಸೀಲು ಇರಲಿಲ್ಲ. ನಿವೃತ್ತಳಾಗಿದ್ದೇನೆ ಎಂದೆ. ಕೇತಮ್ಮ ನೀರು ತಂದುಕೊಟ್ಟಳು.

ಮಾರನೆಯ ವಾರ ಕೇಂದ್ರಕ್ಕೆ ಹೋಗಿ, ನಾನು ಕೂರುತ್ತಿದ್ದ ಕೌಂಟರಿನ ಹೊರಗಡೆ ಸಾಲಿನಲ್ಲಿ ನಿಂತೆ. ಹಳೆಯ ಹಿಂಬರಹವನ್ನು ರದ್ದುಪಡಿಸಿ, ದಾಖಲೆ ಲಭ್ಯವಿದೆ ಎಂದು ಸೀಲಿನ ಸಮೇತ ಪತ್ರ ಕೊಡಬೇಕೆಂದು ಅರ್ಜಿ ಬರೆದೆ. ತಪ್ಪು ಹೇಗಾಯಿತು, ಯಾರಿಂದಾಯಿತು ಎಂದು ಬರೆದೆ. ಬೀಗ ಇದ್ದ ಕಾಲದ ಉಳಿದ ಹಿಂಬರಹಗಳನ್ನೂ ಮತ್ತೆ ನೋಡಬೇಕೆಂದು ಸೇರಿಸಿದೆ. ನಮೂನೆಯ ಕೊನೆಯಲ್ಲಿ, ದಾಖಲೆಯಲ್ಲಿರುವವರಿಗೂ ಅರ್ಜಿದಾರರಿಗೂ ಏನು ಸಂಬಂಧ ಎಂಬ ಅಂಕಣವಿದೆ. ಆ ನಮೂನೆ ತಯಾರಿಸಿದ್ದೂ ನಾನೇ. ಎಷ್ಟೋ ಹೊತ್ತು ಅದನ್ನು ಖಾಲಿ ಬಿಟ್ಟು ನಿಂತಿದ್ದೆ. ಆಮೇಲೆ ‘ಇವರ ಹೆಸರು ಇಲ್ಲವೆಂದು ಬರೆದುಕೊಟ್ಟವಳು’ ಎಂದು ತುಂಬಿದೆ.

ಕೌಂಟರಿನವರು ಅದನ್ನು ಓದಿ, ಇಲ್ಲಿ ಮಗ, ಮಗಳು, ಇತರೆ ಅಂತಷ್ಟೇ ಬರೆಯಬೇಕು ಮೇಡಂ ಎಂದರು. ಹಾಗೆಯೇ ಇರಲಿ ಎಂದೆ.

ಆ ಅರ್ಜಿ ಈಗ ನಿಮ್ಮ ಮೂವರಲ್ಲಿ ಯಾರದೋ ಮೇಜಿನ ಮೇಲಿದೆ. ಪರದೆಯಲ್ಲಿ ಹೆಸರು ಸಿಗುತ್ತದೆ. ಆದರೂ ದಯವಿಟ್ಟು ಎದ್ದು ಹಿಂದಿನ ಕೋಣೆಗೆ ಹೋಗಿ. ಕಿಟಕಿಯ ಪಕ್ಕದ ಕಪಾಟು, ಕೆಳಗಿನಿಂದ ಎರಡನೇ ಸಾಲು, ನೀಲಿ ಬಟ್ಟೆಯ ಕಟ್ಟು. ಪುಸ್ತಕ ತೆಗೆದು, ಹೆಸರನ್ನು ನೋಡಿ, ಅಲ್ಲಿ ಹೇಗಿದೆಯೋ ಹಾಗೆ ಬರೆದು ಸೀಲು ಒತ್ತಿ.